ಹೋಗುವಾಗಿನ ಗಾಳಿ, ಬರುವಾಗಿನ ಗಾಳಿ

ಮೈಸೂರು ರಸ್ತೆಯ ಬ್ಯಾಟರಾಯನಪುರದಲ್ಲಿ ಗಾಳಿ ಆಂಜನೇಯನ ಗುಡಿ ಇದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಿಂದ ಭಾನುವಾರ ನಸುಕಿನಲ್ಲಿ ಸೈಕಲ್ ಹತ್ತಿ ಬಿಡದಿ, ರಾಮನಗರದ ಕಡೆಗೆ ಹೊರಡುವ ಗೆಳೆಯರ ಗುಂಪುಗಳಲ್ಲಿ ಹಲವು ಈ ಗುಡಿಯ ಮುಂದೆಯೇ ಹಾದುಹೋಗುತ್ತವೆ. ಕೆಲವರು ಪೆಡಲ್ ನಿಲ್ಲಿಸದೆ ಒಂದು ಕೈಯನ್ನು ಎದೆಗೆ ಮುಟ್ಟಿಸಿಕೊಂಡು ಮುಂದೆ ಸಾಗುತ್ತಾರೆ. ಆ ಹೊತ್ತಿಗೆ ಗುಂಪಿನೊಳಗಿನ ಮಾತು ಮಾತ್ರ ಬಹುಪಾಲು ಮಳೆಯದು. ಕೆಂಗೇರಿ ದಾಟುವಷ್ಟರಲ್ಲಿ ಹಿಡಿದುಕೊಳ್ಳುತ್ತದೋ ಏನೋ, ರೈನ್‌ಕೋಟ್ ತಂದಿದ್ದೀಯಾ, ಫೋನು ಎಷ್ಟು ಪರ್ಸೆಂಟ್ ತೋರಿಸುತ್ತಿದೆ. ಮಳೆ ಕಣ್ಣಿಗೆ ಕಾಣುತ್ತದೆ, ಮೈಗೆ ತಾಗುತ್ತದೆ, ಮನೆಯವರ ಕೈಲಿ ಬೈಸುತ್ತದೆ. ಅದಕ್ಕೇ ಎಲ್ಲರ ಲೆಕ್ಕವೂ ಅದರ ಮೇಲೆಯೇ. ನನಗನ್ನಿಸುವುದು ಬೇರೆ. ಪಶ್ಚಿಮ ಬೆಂಗಳೂರಿನಿಂದ ಹೊರಟು ನೂರು ಕಿಲೋಮೀಟರ್ ತುಳಿದು ವಾಪಸಾಗುವವರ ದಿನ ಹೇಗಿರುತ್ತದೆಂದು ತೀರ್ಮಾನಿಸುವ ದೊರೆ ಗಾಳಿ. ಆ ದೊರೆ ವರ್ಷಕ್ಕೆರಡು ಸಲ ತನ್ನ ಕಾನೂನನ್ನು ತಿರುಗಿಸಿ ಬರೆಯುತ್ತಾನೆ.

ಮೊದಲು ನೆಲದ ಲೆಕ್ಕ ಮುಗಿಸಿಬಿಡೋಣ. ಬೆಂಗಳೂರು ಒಂದು ಉದ್ದನೆಯ ದಿಣ್ಣೆಯ ಮೇಲೆ ಬೆಳೆದ ಊರು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರ. ದಿಣ್ಣೆಯ ಪೂರ್ವಕ್ಕೆ ಬಿದ್ದ ಮಳೆನೀರು ದಕ್ಷಿಣ ಪಿನಾಕಿನಿಯ ದಾರಿ ಹಿಡಿಯುತ್ತದೆ. ಪಶ್ಚಿಮಕ್ಕೆ ಬಿದ್ದದ್ದು ವೃಷಭಾವತಿಗೆ ಇಳಿದು, ಅರ್ಕಾವತಿಯನ್ನು ಸೇರಿ, ಕೊನೆಗೆ ಕಾವೇರಿಯ ಪಾಲಾಗುತ್ತದೆ. ಮೈಸೂರು ರಸ್ತೆ ಕೆಂಗೇರಿಯವರೆಗೆ ಹೆಚ್ಚುಕಡಿಮೆ ವೃಷಭಾವತಿಯ ಕಣಿವೆಯಲ್ಲೇ ಸಾಗುವುದರಿಂದ ಸೈಕಲ್ಲಿಗೂ ಅದೇ ಇಳಿಜಾರು ಸಿಗುತ್ತದೆ. ರಾಮನಗರ ಇರುವುದು ಸುಮಾರು 750 ಮೀಟರಿನಲ್ಲಿ. ಅಂದರೆ ಐವತ್ತು ಕಿಲೋಮೀಟರಿನಲ್ಲಿ 170 ಮೀಟರಿನಷ್ಟು ಇಳಿತ. ಬರುವಾಗ ಅಷ್ಟೇ ಏರು. ನಡುವೆ ಬಿಡದಿಯ ಆಚೀಚೆ ಸಿಗುವ ಸಣ್ಣಪುಟ್ಟ ಉಬ್ಬುತಗ್ಗುಗಳ ಲೆಕ್ಕ ಬೇರೆ. ಅವೂ ಈಗ ಮೊದಲಿಗಿಂತ ಹೆಚ್ಚು ಕಾಲಿಗೆ ಸಿಗುತ್ತವೆ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಎಂಜಿನ್ ಇಲ್ಲದ ವಾಹನಗಳಿಗೂ ಪ್ರವೇಶವಿಲ್ಲ. ಸೈಕಲ್ಲಿನವರ ಪಾಲಿಗೆ ಸರ್ವಿಸ್ ರಸ್ತೆ.

ಹೀಗೆ ಇಳಿದು ಏರುವ ನೆಲಕ್ಕೆ ನಾವು ಎಷ್ಟು ತೆರುತ್ತೇವೆ? ಸವಾರ, ಸೈಕಲ್, ನೀರಿನ ಬಾಟಲಿ ಎಲ್ಲ ಸೇರಿ 85 ಕಿಲೋ ಎಂದುಕೊಳ್ಳಿ. ಗಾಳಿಯಿಲ್ಲದ ಸಪಾಟು ರಸ್ತೆಯಲ್ಲಿ ಗಂಟೆಗೆ 25 ಕಿ.ಮೀ. ವೇಗ. ಟಯರು ರಸ್ತೆಯ ಮೇಲೆ ಉರುಳುವುದಕ್ಕೆ ಸುಮಾರು 35 ವಾಟ್ ಖರ್ಚು. ಎದುರಿನ ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೆ ಸುಮಾರು 70 ವಾಟ್. ಒಟ್ಟು 105. ಹಳೆಯ ಕಾಲದ ನೂರು ವಾಟಿನ ಬಲ್ಬು ಉರಿಯಲು ಬೇಕಾಗುತ್ತಿದ್ದಷ್ಟು ಶಕ್ತಿಯನ್ನು ಒಬ್ಬ ಹವ್ಯಾಸಿ ಸವಾರ ಗಂಟೆಗಟ್ಟಲೆ ಕಾಲಿನಿಂದ ಕೊಡಬಲ್ಲ. ಇನ್ನು ರಾಮನಗರದ ಇಳಿಜಾರು: ಅದೇ ವೇಗದಲ್ಲಿ ಹೋದರೆ ಅದು ನಮಗೆ ಉಳಿಸಿಕೊಡುವುದು 20 ವಾಟ್, ವಾಪಸು ಬರುವಾಗ ವಸೂಲು ಮಾಡುವುದು 20 ವಾಟ್. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ.

ಈಗ ಗಂಟೆಗೆ 10 ಕಿ.ಮೀ. ವೇಗದ ಒಂದು ಸಾಧಾರಣ ಎದುರುಗಾಳಿ ಬೀಸಲಿ. ತೆಂಗಿನ ಗರಿ ಸುಮ್ಮನೆ ಅಲ್ಲಾಡುವಷ್ಟು, ಅಷ್ಟೇ. ಸೈಕಲ್ಲಿನ ವೇಗ 25, ಗಾಳಿಯದು 10. ಮೈಗೆ ಬಡಿಯುವುದು 35. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಹಾಗಾಗಿ ಅದೇ 25ರ ವೇಗ ಉಳಿಸಿಕೊಳ್ಳಬೇಕಾದರೆ ಗಾಳಿಯ ಬಾಬತ್ತು 70ರಿಂದ 140 ವಾಟಿಗೆ ಜಿಗಿಯುತ್ತದೆ. ಇಳಿಜಾರು ಕೊಟ್ಟ 20 ವಾಟ್ ಎಲ್ಲಿಯ ಲೆಕ್ಕ? ಗರಿ ಅಲ್ಲಾಡಿಸುವ ಗಾಳಿ 170 ಮೀಟರಿನ ಬೆಟ್ಟವನ್ನು ಮೂರು ಪಟ್ಟು ಮೀರಿಸುತ್ತದೆ.

ಹೋಗುವಾಗ ಎದುರಿಗೆ ಬಂದರೆ ಬರುವಾಗ ಬೆನ್ನಿಗೆ ಬರುತ್ತದಲ್ಲ, ಅಲ್ಲಿಗಲ್ಲಿಗೆ ಸರಿಹೋಯಿತು ಎಂಬ ಸಮಾಧಾನವನ್ನು ಪ್ರತಿ ಗುಂಪಿನಲ್ಲೂ ಯಾರಾದರೊಬ್ಬರು ಹೇಳುತ್ತಾರೆ. ಸರಿಹೋಗುವುದಿಲ್ಲ. ನಮ್ಮ ಸವಾರ ಅದೇ 105 ವಾಟನ್ನು ಬಿಡದೆ ತುಳಿಯುತ್ತಾನೆ ಎಂದುಕೊಂಡರೆ, 10 ಕಿ.ಮೀ. ಎದುರುಗಾಳಿಯಲ್ಲಿ ಅವನ ವೇಗ 20ಕ್ಕೆ ಇಳಿಯುತ್ತದೆ. ಬೆನ್ನುಗಾಳಿಯಲ್ಲಿ 31ಕ್ಕೆ ಏರುತ್ತದೆ. ಐವತ್ತು ಹೋಗಿ ಐವತ್ತು ಬರಲು ಗಾಳಿಯಿಲ್ಲದ ದಿನ ನಾಲ್ಕು ಗಂಟೆ. ಈ ದಿನ ಅದಕ್ಕಿಂತ ಏಳೆಂಟು ನಿಮಿಷ ಹೆಚ್ಚು. ಅಷ್ಟೇನಾ ಎನ್ನಬೇಡಿ. ಗಾಳಿ 20 ಕಿ.ಮೀ. ಆದರೆ ಹೋಗುವ ವೇಗ 15ಕ್ಕೆ ಕುಸಿಯುತ್ತದೆ, ಬರುವ ವೇಗ 38 ಆಗುತ್ತದೆ, ಒಟ್ಟು ಹೊತ್ತು ಸುಮಾರು ನಾಲ್ಕು ಗಂಟೆ ನಲವತ್ತು ನಿಮಿಷ. ಕಾರಣ ಸರಳ. ಎದುರುಗಾಳಿಯ ದಾರಿಯಲ್ಲಿ ನಾವು ನಿಧಾನ, ಅದಕ್ಕೇ ಆ ದಾರಿಯಲ್ಲಿ ಹೆಚ್ಚು ಹೊತ್ತು ಸಿಕ್ಕಿಕೊಂಡಿರುತ್ತೇವೆ. ಬೆನ್ನುಗಾಳಿಯ ಸುಖ ಬೇಗ ಮುಗಿದುಹೋಗುತ್ತದೆ. ದೂರ ಸಮ, ಅನುಭವಿಸುವ ಹೊತ್ತು ಸಮವಲ್ಲ.

ಗಂಟೆಗೆ 15 ಎಂಬ ಆ ಸಂಖ್ಯೆ ದೂರದ ಸವಾರಿಯ ಲೋಕದಲ್ಲಿ ಬಹಳ ಹಳೆಯ ಗಡಿ. 1891ರಲ್ಲಿ ಪ್ಯಾರಿಸ್ಸಿನಿಂದ ಬ್ರೆಸ್ಟ್‌ಗೆ ಹೋಗಿ ಮರಳುವ 1200 ಕಿ.ಮೀ. ಓಟದೊಂದಿಗೆ ಶುರುವಾದ ಪರಂಪರೆ ಇಂದು ಜಗತ್ತಿನ ಎಲ್ಲೆಡೆ ‘ಬ್ರೆವೆ’ ಎಂಬ ಹೆಸರಿನಲ್ಲಿ ನಡೆಯುತ್ತದೆ. ಅದನ್ನು ನೋಡಿಕೊಳ್ಳುವ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ಹುಟ್ಟಿದ್ದು 1904ರಲ್ಲಿ. ಬ್ರೆವೆ ತುಳಿಯುವ ಬೆಂಗಳೂರಿನ ರಾಂಡನರ್‌ಗಳೂ ಅದೇ ನಿಯಮದಲ್ಲಿ ಸವಾರಿ ಮಾಡುತ್ತಾರೆ: 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆ. ಇದರಲ್ಲಿ ಊಟ, ಪಂಕ್ಚರ್, ಮಳೆಗೆ ನಿಂತದ್ದು ಎಲ್ಲವೂ ಸೇರಿತು. ಯಾರು ಮೊದಲು ಬಂದರು ಎಂಬ ಪ್ರಶ್ನೆಯೇ ಅಲ್ಲಿಲ್ಲ. ವೇಳೆಯೊಳಗೆ ಬಂದವರೆಲ್ಲ ಸಮಾನರು. ನನಗೆ ಬಹಳ ಹಿಡಿಸುವ ನಿಯಮ ಇದು. ಸಪಾಟು ದಿನದಲ್ಲಿ ಆರಾಮವಾಗಿ ದಾಟಬಹುದಾದ ಆ ಗಡಿಗೆ 20 ಕಿ.ಮೀ. ಎದುರುಗಾಳಿ ನಮ್ಮ ಸವಾರನನ್ನು ತಂದು ಮುಟ್ಟಿಸಿಬಿಡುತ್ತದೆ, ಚಹಾಕ್ಕೆ ಐದು ನಿಮಿಷ ಕೂಡ ಉಳಿಯದಂತೆ.

ಈ ಗಾಳಿ ಬರುವುದೆಲ್ಲಿಂದ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮದಿಂದ, ನೈಋತ್ಯದಿಂದ. ಇದು ಶಾಲೆಯಲ್ಲಿ ಓದಿದ್ದೇ. ಆದರೆ ಜುಲೈ ತಿಂಗಳ ಬೆಂಗಳೂರಿನಲ್ಲಿ ಅದು ಯಾಕೆ ಅಷ್ಟು ಹಟಮಾರಿಯಾಗಿ, ದಿನಗಟ್ಟಲೆ ಒಂದೇ ದಿಕ್ಕಿನಿಂದ ಬೀಸುತ್ತದೆ ಎಂಬುದರ ಹಿಂದೆ ಒಂದು ಸೊಗಸಾದ ಶೋಧವಿದೆ. 1966ರಲ್ಲಿ ಪಿ. ವಿ. ಜೋಸೆಫ್ ಮತ್ತು ಪಿ. ಎಲ್. ರಾಮನ್ ಎಂಬ ಇಬ್ಬರು ಭಾರತೀಯ ಹವಾಮಾನ ವಿಜ್ಞಾನಿಗಳು ಬಲೂನುಗಳು ಮೇಲೆ ಹೋಗಿ ಅಳೆದು ತಂದ ಗಾಳಿಯ ವೇಗಗಳನ್ನು ಜೋಡಿಸಿ ನೋಡಿದರು. ಜುಲೈಯಲ್ಲಿ ದಕ್ಷಿಣ ಭಾರತದ ಮೇಲೆ, ನೆಲದಿಂದ ಬಹಳ ಎತ್ತರದಲ್ಲೇನೂ ಅಲ್ಲ, ಸಮುದ್ರಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಮೇಲೆ, ಪಶ್ಚಿಮದಿಂದ ಪೂರ್ವಕ್ಕೆ ಹರಿಯುವ ವೇಗದ ಗಾಳಿಯ ಒಂದು ಹೊಳೆಯೇ ಇದೆ ಎಂದು ತೋರಿಸಿಕೊಟ್ಟರು. ಮೂರು ವರ್ಷಗಳ ನಂತರ, 1969ರಲ್ಲಿ, ಬ್ರಿಟನ್ನಿನ ಜಾನ್ ಫಿಂಡ್‌ಲೇಟರ್ ಅದರ ಬೇರನ್ನು ಹುಡುಕುತ್ತ ಹೋಗಿ ಸಮಭಾಜಕ ವೃತ್ತದ ಆಚೆ ಮುಟ್ಟಿದರು. ದಕ್ಷಿಣ ಹಿಂದೂ ಮಹಾಸಾಗರದಿಂದ ಹೊರಟ ಗಾಳಿ ಕೀನ್ಯಾದ ಎತ್ತರದ ನೆಲಕ್ಕೆ ಒತ್ತರಿಸಿಕೊಂಡು ಉತ್ತರಕ್ಕೆ ತಿರುಗಿ, ಸೊಮಾಲಿಯಾದ ಕರಾವಳಿ ದಾಟಿ, ಅರಬ್ಬೀ ಸಮುದ್ರದ ಮೇಲೆ ಓಡಿ ನಮ್ಮ ಘಟ್ಟಕ್ಕೆ ಬಂದು ಬಡಿಯುತ್ತದೆ.

ಇದನ್ನು ಓದಿದಾಗ ಬೆಂಗಳೂರಿನ ಎತ್ತರವನ್ನು ಇನ್ನೊಮ್ಮೆ ನೆನೆದುಕೊಳ್ಳಿ. ಹೊಳೆಯ ನಡುಭಾಗ 1500 ಮೀಟರಿನಲ್ಲಿ, ನಾವು 920ರಲ್ಲಿ. ಮಂಗಳೂರಿನ ಸವಾರನಿಗಿಂತ ನಾವು ಆ ಗಾಳಿಗೆ ಹತ್ತಿರದ ನೆಂಟರು. ನಮ್ಮ ನೆತ್ತಿಯಿಂದ ಆರುನೂರು ಮೀಟರ್ ಮೇಲೆ ಅದು ಹಗಲೂ ರಾತ್ರಿ ಹರಿಯುತ್ತಿರುತ್ತದೆ. ಎತ್ತರದಿಂದ ನಮಗೊಂದು ಲಾಭವೂ ಇದೆ ಅನ್ನಿ: ಇಲ್ಲಿಯ ಗಾಳಿ ಕರಾವಳಿಯ ಗಾಳಿಗಿಂತ ಶೇಕಡಾ ಎಂಟರಷ್ಟು ತೆಳು, ಅಷ್ಟರಮಟ್ಟಿಗೆ ತಡೆಯೂ ಕಡಿಮೆ.

ಹಾಗಿದ್ದರೆ ಬೆಳಗ್ಗೆ ಐದೂವರೆಗೆ ಹೊರಟಾಗ ಆ ಗಾಳಿ ಎಲ್ಲಿರುತ್ತದೆ? ಮೇಲೆಯೇ ಇರುತ್ತದೆ. ರಾತ್ರಿ ನೆಲ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ. ಈ ತಂಪಿನ ಪದರ ಮೇಲಿನ ಹೊಳೆಯನ್ನು ನೆಲ ಮುಟ್ಟಲು ಬಿಡುವುದಿಲ್ಲ. ಸೂರ್ಯ ಏರಿ ನೆಲ ಕಾದ ಮೇಲೆ ಬಿಸಿಗಾಳಿಯ ಗುಳ್ಳೆಗಳು ಎದ್ದು ಮೇಲಕ್ಕೆ ಹೋಗತೊಡಗುತ್ತವೆ. ಅವುಗಳ ಜಾಗಕ್ಕೆ ಮೇಲಿನ ವೇಗದ ಗಾಳಿ ಕೆಳಗಿಳಿಯುತ್ತದೆ. ಎಂಟೂವರೆ ಒಂಬತ್ತರ ಹೊತ್ತಿಗೆ ಇದ್ದಕ್ಕಿದ್ದಂತೆ ಹ್ಯಾಂಡಲ್ ಭಾರವಾಗುವುದು ಇದರಿಂದ. ಮಳೆಗಾಲದಲ್ಲಿ ಮೋಡ ದಟ್ಟವಾಗಿ ಕವಿದ ದಿನ ಇದು ತಡವಾಗುತ್ತದೆ, ಬಿಸಿಲು ಬಿದ್ದ ದಿನ ಬೇಗ.

ಇದನ್ನು ಮುಂಚಿತವಾಗಿ ತಿಳಿಯಲು ಫೋನು ಬೇಕಿಲ್ಲ, ಹದ್ದು ಸಾಕು. ರಾಮನಗರದ ಸುತ್ತಲಿನ ಬೆಟ್ಟಗಳು ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟಿನವು. ಬೋಳು ಬಂಡೆ ಗಿಡಮರದ ನೆಲಕ್ಕಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಬೇಗ ಏಳುತ್ತದೆ. ರೆಕ್ಕೆ ಬಡಿಯದೆ ತೇಲುವ ಹಕ್ಕಿಗಳು ಈ ಏರುಗಾಳಿಗಾಗಿ ಬಂಡೆಯ ಮೇಲೆ ಕಾದು ಕೂತಿರುತ್ತವೆ. ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ರಣಹದ್ದುಗಳು ಈಗ ತೀರಾ ಕಡಿಮೆ, ಆದರೆ ಗರುಡ, ಹದ್ದುಗಳು ಎಲ್ಲೆಲ್ಲೂ ಇವೆ. ಅವು ಸುತ್ತು ಹಾಕುತ್ತ ಮೇಲೇರಲು ಶುರುಮಾಡಿದವೆಂದರೆ ಕೆಳಗಿನ ತಂಪಿನ ಪದರ ಒಡೆಯಿತು ಎಂದರ್ಥ. ಮೇಲಿನ ಗಾಳಿ ಇನ್ನು ಸ್ವಲ್ಪ ಹೊತ್ತಿನಲ್ಲಿ ರಸ್ತೆಗಿಳಿಯುತ್ತದೆ.

ನವೆಂಬರ್ ಬಂತೆಂದರೆ ಎಲ್ಲ ತಿರುವುಮುರುವು. ಗಾಳಿ ಈಗ ಪೂರ್ವದಿಂದ, ಈಶಾನ್ಯದಿಂದ. ಫೆಬ್ರವರಿಯವರೆಗೂ ಹೀಗೇ. ಪಶ್ಚಿಮ ಬೆಂಗಳೂರಿನವರಿಗೆ ಇದರ ಪರಿಣಾಮವೇನೆಂದು ನೋಡಿ. ಜುಲೈಯಲ್ಲಿ ರಾಮನಗರಕ್ಕೆ ಹೋಗುವಾಗ ಇಳಿಜಾರು, ಆದರೆ ಎದುರುಗಾಳಿ; ಬರುವಾಗ ಏರು, ಆದರೆ ಬೆನ್ನುಗಾಳಿ. ಒಂದು ಕೈ ಕಿತ್ತುಕೊಂಡದ್ದನ್ನು ಇನ್ನೊಂದು ಕೈ ಸ್ವಲ್ಪ ವಾಪಸು ಕೊಡುತ್ತದೆ. ಡಿಸೆಂಬರಿನಲ್ಲಿ ಹೋಗುವಾಗ ಇಳಿಜಾರೂ ಬೆನ್ನುಗಾಳಿಯೂ ಕೂಡಿಬರುತ್ತವೆ. ಚಳಿಯ ಮುಂಜಾವು, ಮಂಚನಬೆಲೆಯ ಕಣಿವೆಯಲ್ಲಿ ಮಂಜು, ಕಾಲು ತಾನಾಗಿಯೇ ಓಡುತ್ತದೆ. ಇಷ್ಟು ಚೆನ್ನಾಗಿ ತುಳಿಯುತ್ತೇನೆಂದು ಗೊತ್ತೇ ಇರಲಿಲ್ಲ ಎಂದು ಹೊಸಬರು ಹೇಳುವುದು ಈ ತಿಂಗಳುಗಳಲ್ಲೇ. ಚನ್ನಪಟ್ಟಣದವರೆಗೂ ಹೋಗಿಬಿಡೋಣ ಎನ್ನುತ್ತಾರೆ. ವಾಪಸು ಬರುವಾಗ ಹನ್ನೊಂದರ ಬಿಸಿಲು, ಏರು, ಮುಖಕ್ಕೆ ಗಾಳಿ. ದಣಿವು ಏರಿದಷ್ಟೂ ದಾರಿ ಕಷ್ಟವಾಗುತ್ತ ಹೋಗುವ ಈ ಜೋಡಣೆ ವರ್ಷದಲ್ಲೇ ಅತಿ ಕೆಟ್ಟದ್ದು. ಹವೆ ಅತಿ ಚೆಂದವಾಗಿರುವ ತಿಂಗಳಲ್ಲೇ ಅದು ಬರುತ್ತದೆ. ಜುಲೈಯ ಸವಾರ ತಡವಾಗಿ ವಾಪಸಾದರೂ ನಡೆದೀತು, ಗಾಳಿ ಅವನನ್ನು ಮನೆಗೆ ತಳ್ಳುತ್ತದೆ. ಡಿಸೆಂಬರಿನ ಸವಾರ ಹದ್ದು ಏಳುವ ಮೊದಲೇ ಬಿಡದಿಗೆ ಮರಳಿ ತಟ್ಟೆ ಇಡ್ಲಿಯ ಮುಂದೆ ಕೂತಿರಬೇಕು.

ಎದುರು, ಬೆನ್ನು ಎಂದಷ್ಟೇ ಹೇಳಿ ಅಡ್ಡಗಾಳಿಯನ್ನು ಬಿಟ್ಟರೆ ತಪ್ಪಾದೀತು. ಮಾಗಡಿ ರಸ್ತೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಹೋಗುತ್ತದೆ, ತಾವರೆಕೆರೆಯ ದಾರಿಯಲ್ಲಿ ಜುಲೈಯ ಗಾಳಿ ಮುಖಕ್ಕೇ ಬಡಿಯುತ್ತದೆ. ಮೈಸೂರು ರಸ್ತೆ ನೈಋತ್ಯಕ್ಕೆ ಓರೆಯಾಗಿರುವುದರಿಂದ ಅದೇ ಗಾಳಿ ಬಲಗಡೆಯಿಂದ ಓರೆಯಾಗಿ ಬರುತ್ತದೆ. ಸಾವನದುರ್ಗದ ಕಡೆಯ ಒಳರಸ್ತೆಗಳಲ್ಲಿ ಪೂರ್ತಿ ಅಡ್ಡ. ಪೂರ್ತಿ ಅಡ್ಡ ಬೀಸುವ ಗಾಳಿ ಎದುರೂ ಅಲ್ಲ, ಬೆನ್ನೂ ಅಲ್ಲ, ಹಾಗಾಗಿ ಖರ್ಚಿಲ್ಲ ಅನ್ನಿಸಬಹುದು. ಖರ್ಚಿದೆ. 25ರ ವೇಗದ ಸೈಕಲ್ಲಿಗೆ 20ರ ಗಾಳಿ ಪಕ್ಕದಿಂದ ಬೀಸಿದರೆ ಮೈಗೆ ತಾಗುವ ಗಾಳಿ ಓರೆಯಾಗಿ 32ರ ವೇಗದಲ್ಲಿ ಬರುತ್ತದೆ. ಅದರ ಹಿಂದಕ್ಕೆಳೆಯುವ ಪಾಲು ಗಾಳಿಯಿಲ್ಲದ ದಿನಕ್ಕಿಂತ ಶೇಕಡಾ 28ರಷ್ಟು ಜಾಸ್ತಿ. ಲೆಕ್ಕ ಹಾಕಿದರೆ ಸುತ್ತಲಿನ 360 ಡಿಗ್ರಿಗಳಲ್ಲಿ ಸುಮಾರು 200 ಡಿಗ್ರಿ ಕಡೆಯಿಂದ ಬರುವ ಗಾಳಿಯೂ ನಮ್ಮ ವಿರುದ್ಧವೇ. ಗಾಳಿ ಯಾವಾಗಲೂ ಎದುರಿಗೇ ಬರುತ್ತದಪ್ಪಾ ಎಂದು ಗೊಣಗುವ ಗೆಳೆಯ ಪೂರ್ತಿ ಸುಳ್ಳಾಡುತ್ತಿಲ್ಲ.

ಈ ಗಾಳಿಗೆ ಮದ್ದು ಒಂದೇ ಇದೆ, ಮುಂದೆ ಇನ್ನೊಬ್ಬರ ಬೆನ್ನು.

ಮುಂದಿರುವ ಸವಾರ ಗಾಳಿಯನ್ನು ಸೀಳಿದಾಗ ಅವರ ಹಿಂದೆ ಒತ್ತಡ ಕಡಿಮೆಯಾದ, ಅವರದೇ ದಿಕ್ಕಿಗೆ ಎಳೆಯಲ್ಪಡುವ ಗಾಳಿಯ ಒಂದು ಬಾಲ ಉಂಟಾಗುತ್ತದೆ. ಅದರೊಳಗೆ ಹೊಕ್ಕವರಿಗೆ ತಡೆ ಕಡಿಮೆ. ಅಮೆರಿಕದಲ್ಲಿ 1990ರಲ್ಲಿ ಪ್ರಕಟವಾದ ಅಧ್ಯಯನವೊಂದು ರಸ್ತೆಯಲ್ಲೇ ಸವಾರರ ಉಸಿರಿನ ಆಮ್ಲಜನಕವನ್ನು ಅಳೆದು, ಗಂಟೆಗೆ 32 ಕಿ.ಮೀ. ವೇಗದಲ್ಲಿ ಹಿಂದಿನವರಿಗೆ ಶೇಕಡಾ 18, 40 ಕಿ.ಮೀ. ವೇಗದಲ್ಲಿ ಶೇಕಡಾ 27 ಉಳಿತಾಯವೆಂದು ಕಂಡಿತ್ತು. 2018ರಲ್ಲಿ ಬರ್ಟ್ ಬ್ಲಾಕನ್ ಮತ್ತು ಸಂಗಡಿಗರು 121 ಸವಾರರ ದಟ್ಟ ಗುಂಪನ್ನು ಕಂಪ್ಯೂಟರಿನಲ್ಲೂ ಗಾಳಿಸುರಂಗದಲ್ಲೂ ಪರೀಕ್ಷಿಸಿದಾಗ, ಗುಂಪಿನ ಹೊಟ್ಟೆಯೊಳಗಿದ್ದವರಿಗೆ ಒಂಟಿ ಸವಾರರ ತಡೆಯ ಶೇಕಡಾ ಐದರಿಂದ ಹತ್ತರಷ್ಟೇ ಉಳಿಯಿತು. ನಂಬಲು ಕಷ್ಟವಾಗುವ ಸಂಖ್ಯೆ. ಮುಂದಿರುವವರಿಗೂ ಚೂರು ಲಾಭವಿದೆ; ಹಿಂದೆ ಒಬ್ಬರು ಇದ್ದರೆ ಮುಂದಿನವರ ಬೆನ್ನ ಹಿಂದಿನ ಒತ್ತಡದ ಕೊರತೆ ಕೊಂಚ ತುಂಬಿಕೊಳ್ಳುತ್ತದೆ.

ಇವೆಲ್ಲ ಸ್ಪರ್ಧಿಗಳ ವೇಗಗಳು, ನಮಗೇನು ಎಂದು ಕೇಳಬಹುದು. ನಮ್ಮ 25ರ ವೇಗಕ್ಕೇ ಲೆಕ್ಕ ಹಾಕೋಣ. ಮುಂದಿನವರ ಬೆನ್ನು ಗಾಳಿಯ ತಡೆಯಲ್ಲಿ ಶೇಕಡಾ 30ನ್ನು ಕಳೆಯುತ್ತದೆಂದು ಇಟ್ಟುಕೊಳ್ಳೋಣ. ಗಾಳಿಯಿಲ್ಲದ ದಿನ ಹಿಂದಿನವರಿಗೆ ಉಳಿಯುವುದು 21 ವಾಟ್. 10 ಕಿ.ಮೀ. ಬೆನ್ನುಗಾಳಿಯಿದ್ದರೆ ಬರೀ 8 ವಾಟ್. ಅದೇ ಎದುರುಗಾಳಿಯಾದರೆ 42 ವಾಟ್. ಒಂದೇ ಗೆಳೆಯನ ಒಂದೇ ಬೆನ್ನಿಗೆ ಡಿಸೆಂಬರಿನಲ್ಲಿ ಹೋಗುವಾಗ ಎಂಟರ ಬೆಲೆ, ಬರುವಾಗ ನಲವತ್ತೆರಡರ ಬೆಲೆ! ಹೋಗುವಾಗ ಗುಂಪು ಚೆಲ್ಲಾಪಿಲ್ಲಿಯಾದರೂ ಯಾರಿಗೂ ನಷ್ಟವಿಲ್ಲ. ಹರಟುತ್ತ, ನಿಲ್ಲುತ್ತ, ಫೋಟೊ ತೆಗೆಯುತ್ತ ಹೋಗಬಹುದು. ವಾಪಸು ಹೊರಟಾಗ ಮಾತ್ರ ಒಬ್ಬರನ್ನೂ ಹಿಂದೆ ಬಿಡಬಾರದು. ಹಿಂದೆ ಬಿದ್ದವರು ಗಾಳಿಯ ಪೂರ್ತಿ ಖರ್ಚನ್ನು ಒಂಟಿಯಾಗಿ ತೆರುತ್ತಾರೆ, ತೆತ್ತಷ್ಟೂ ಇನ್ನೂ ಹಿಂದೆ ಬೀಳುತ್ತಾರೆ. ಎಷ್ಟೋ ಗುಂಪುಗಳಲ್ಲಿ ಇದು ಉಲ್ಟಾ ನಡೆಯುತ್ತದೆ: ಗಟ್ಟಿಗರು ಮನೆಯ ನೆನಪಾಗಿ ಮುಂದೆ ಓಡಿಬಿಡುತ್ತಾರೆ, ದಣಿದವರು ಕುಂಬಳಗೋಡಿನ ಏರಿನಲ್ಲಿ ಒಬ್ಬೊಬ್ಬರೇ ಉಳಿಯುತ್ತಾರೆ. ಗಟ್ಟಿಗರು ಮುಂದೆ ನಿಂತು ನಿಧಾನವಾಗಿ ತುಳಿಯುವುದೇ ಆ ದಿನ ಅವರು ಕೊಡಬಹುದಾದ ಅತಿ ದೊಡ್ಡ ಸಹಾಯ. ಅದರ ಅಳತೆ ವಾಟಿನಲ್ಲಿ ಸಿಗುತ್ತದೆ.

ಅಪಾಯವನ್ನೂ ಹೇಳಬೇಕು. ಬೆನ್ನಿಗೆ ಅಂಟಿಕೊಂಡು ಹೋಗುವವರಿಗೆ ಮುಂದಿನ ರಸ್ತೆ ಕಾಣುವುದಿಲ್ಲ. ಸರ್ವಿಸ್ ರಸ್ತೆಯ ಗುಂಡಿ, ಹೇಳದೆ ಕೇಳದೆ ಬರುವ ಹಂಪು, ಒಣಹಾಕಿದ ರಾಗಿ ಹುಲ್ಲು ಎಲ್ಲವನ್ನೂ ಮುಂದಿನವರೇ ಕೈ ತೋರಿಸಿ, ‘ಗುಂಡೀ’ ಎಂದು ಕೂಗಿ ಹಿಂದಕ್ಕೆ ದಾಟಿಸಬೇಕು. ಗಾಲಿಗೆ ಗಾಲಿ ತಾಗುವಷ್ಟು ಹತ್ತಿರ ಹೋಗಲೇಬೇಕೆಂದಿಲ್ಲ. ಒಂದು ಸೈಕಲ್ಲಿನಷ್ಟು ಅಂತರ ಬಿಟ್ಟರೂ ಆಸರೆಯ ದೊಡ್ಡ ಪಾಲು ಸಿಗುತ್ತದೆ. ರಸ್ತೆ ಒದ್ದೆಯಾದರೆ ಆ ಅಂತರವನ್ನು ಹೆಚ್ಚಿಸಲೇಬೇಕು.

ಒದ್ದೆ ಎಂದಾಗ ಮಳೆಯ ಮಾತು. ಘಟ್ಟದಲ್ಲಿ ಸುರಿದು ಹಗುರಾದ ಮೋಡವೇ ನಮಗೆ ಬರುವುದು. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಬಿದ್ದರೆ ಬೆಂಗಳೂರಿಗೆ ಸುಮಾರು 1000. ಆದರೆ ನಮ್ಮ ಮಳೆಯಲ್ಲಿ ಎರಡು ಜಾತಿ. ಆರಿದ್ರೆ, ಪುನರ್ವಸು, ಪುಷ್ಯದ ಹೊತ್ತಿನ ಜಿಟಿಜಿಟಿ ಒಂದು. ಭರಣಿ, ಕೃತ್ತಿಕೆಯಲ್ಲೂ ಮತ್ತೆ ಉತ್ತರೆ, ಹಸ್ತ, ಚಿತ್ತೆಯಲ್ಲೂ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬರುವ ಜಡಿಮಳೆ ಇನ್ನೊಂದು. ಹವೆ ಎಷ್ಟು ಬೇಗ ಬದಲಾಗಬಲ್ಲದೆಂಬುದಕ್ಕೆ 2024 ನೋಡಿ: ಏಪ್ರಿಲ್ 28ರಂದು ಬೆಂಗಳೂರಿನಲ್ಲಿ 38.5 ಡಿಗ್ರಿ ಸೆಕೆ. ಐದು ವಾರ ಕಳೆದು ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಮಳೆ.

ಜಿಟಿಜಿಟಿ ಹನಿ ಸಣ್ಣದು, ಅರ್ಧ ಮಿಲಿಮೀಟರ್ ಆಸುಪಾಸು. ಅದು ಬೀಳುವ ವೇಗ ಗಂಟೆಗೆ ಬರೀ 7 ಕಿ.ಮೀ. ನಾವು 25ರಲ್ಲಿ ಹೋಗುತ್ತಿರುತ್ತೇವೆ. ಹಾಗಾಗಿ ಆ ಹನಿ ನಮಗೆ ಮೇಲಿಂದ ಬೀಳುವುದೇ ಇಲ್ಲ, ಹೆಚ್ಚುಕಡಿಮೆ ಅಡ್ಡಡ್ಡವಾಗಿ ಬಂದು ಮುಖ, ಎದೆ, ಮಂಡಿಗಳಿಗೆ ಹೊಡೆಯುತ್ತದೆ. ಪಶ್ಚಿಮದ ಎದುರುಗಾಳಿ ಸೇರಿದರೆ ಇನ್ನೂ ಅಡ್ಡ. ಜುಲೈಯ ಮಳೆಯಲ್ಲಿ ಬೆನ್ನು ಒಣಗಿದ್ದು ಎದೆ ತೊಯ್ದಿರುವುದು ಹೀಗೆ. ಜಡಿಮಳೆಯ ನಾಲ್ಕೈದು ಮಿಲಿಮೀಟರಿನ ದಪ್ಪ ಹನಿ ಗಂಟೆಗೆ 30 ಕಿ.ಮೀ.ಗೂ ಮೀರಿದ ವೇಗದಲ್ಲಿ ಬಿದ್ದು ತಲೆ, ಭುಜ, ತೊಡೆ ಎಲ್ಲವನ್ನೂ ಒಟ್ಟಿಗೆ ತೋಯಿಸುತ್ತದೆ. ಹೆಲ್ಮೆಟಿನ ಕೆಳಗೆ ಮುಂಚಾಚು ಇರುವ ಟೋಪಿ ಮೊದಲನೆಯದಕ್ಕೆ ಬಹಳ ಉಪಕಾರಿ, ಎರಡನೆಯದಕ್ಕೆ ಚಾವಣಿಯೇ ಬೇಕು.

ತೊಯ್ದ ಮೇಲೆ ಚಳಿ ಹಿಡಿಯುವುದು ತುಳಿಯುವಾಗ ಅಲ್ಲ, ನಿಂತಾಗ. 105 ವಾಟ್ ಕೆಲಸ ಕಾಲಿನಿಂದ ಹೊರಬರಬೇಕಾದರೆ ಒಳಗೆ ಅದರ ಮೂರೂವರೆ ಪಟ್ಟು, ಸುಮಾರು 370 ವಾಟ್, ಶಾಖವಾಗಿ ಹುಟ್ಟುತ್ತಿರುತ್ತದೆ. ಬಿಸಿಲಿನ ದಿನ ಅದನ್ನು ಹೊರಹಾಕಲು ಗಂಟೆಗೆ ಅರ್ಧ ಲೀಟರಿಗೂ ಮೀರಿ ಬೆವರು ಆರಬೇಕು. ಮಳೆಯ ದಿನ ಅಂಗಿಯಲ್ಲಿ ಅರ್ಧ ಲೀಟರ್ ನೀರು ನಿಂತಿದ್ದರೆ, ಅದು ಆರುವುದಕ್ಕೆ 1200 ಕಿಲೋಜೌಲ್ ಶಾಖ ಬೇಕು. ತುಳಿಯುತ್ತಿರುವ ಮೈಗೆ ಅದು ಮುಕ್ಕಾಲು ಗಂಟೆ, ಒಂದು ಗಂಟೆಯ ಉತ್ಪತ್ತಿ, ತೊಂದರೆಯಿಲ್ಲ. ತುಳಿಯುವುದನ್ನು ನಿಲ್ಲಿಸಿ ಗಾಳಿಗೆ ಮೈಯೊಡ್ಡಿ ಕೂತರೆ ಅದೇ ಶಾಖ ಮೈಯಿಂದಲೇ ಹೋಗಬೇಕು. 70 ಕಿಲೋ ತೂಕದ ಮೈಯನ್ನು ಐದು ಡಿಗ್ರಿಯಷ್ಟು ತಣ್ಣಗಾಗಿಸಲು ಸಾಕಾಗುವಷ್ಟು ಶಾಖ ಅದು. ಮೈ ಅಷ್ಟಕ್ಕೆ ಬಿಡುವುದಿಲ್ಲ, ನಡುಗಿ ಶಾಖ ಹುಟ್ಟಿಸಿಕೊಳ್ಳುತ್ತದೆ. ಚಹಾದಂಗಡಿಯ ಬೆಂಚಿನ ಮೇಲೆ ಹಲ್ಲು ಕಟಕಟ ಎನ್ನುವುದು ಅದರ ಸದ್ದು. ಒದ್ದೆ ಅಂಗಿ ತೆಗೆದು ಹಿಂಡಿ, ಅಂಗಡಿಯವರಲ್ಲಿ ಹಳೆಯ ದಿನಪತ್ರಿಕೆ ಕೇಳಿ ಪಡೆದು ಎದೆಯ ಮೇಲೆ ಇಟ್ಟುಕೊಂಡು ಮತ್ತೆ ಅಂಗಿ ತೊಡುವುದು ಹಳೆಯ ಸವಾರರ ಉಪಾಯ. ಕಾಗದದ ಪದರ ಗಾಳಿಯನ್ನು ತಡೆಯುತ್ತದೆ. ಈಗಲೂ ಅದನ್ನು ಮೀರಿಸುವ ಅಗ್ಗದ ವಸ್ತು ಇಲ್ಲ.

ರಸ್ತೆಯ ವಿಷಯ ಬೇಗ ಮುಗಿಯುತ್ತದೆ. ಕಾರುಗಳ ಹಾಗೆ ಸೈಕಲ್ಲಿನ ಟಯರು ನೀರಿನ ಮೇಲೆ ತೇಲಿ ಜಾರುವುದಿಲ್ಲ. ಅದರ ಕಿರಿದಾದ ಮುಖ, ಹೆಚ್ಚಿನ ಒತ್ತಡ ಎರಡೂ ನೀರನ್ನು ಪಕ್ಕಕ್ಕೆ ತಳ್ಳಿಬಿಡುತ್ತವೆ. ಜಾರಿಸುವುದು ಮೊದಲ ಮಳೆಯ ಮೊದಲ ಹತ್ತು ಹದಿನೈದು ನಿಮಿಷ; ತಿಂಗಳುಗಟ್ಟಲೆ ಇಳಿದ ಎಣ್ಣೆ, ಧೂಳು, ಟಯರಿನ ಪುಡಿ ನೀರಿನೊಂದಿಗೆ ಕಲೆತು ಲೇಪವಾಗಿರುವ ಹೊತ್ತು. ಬಿಳಿ ಗೆರೆ, ಕಬ್ಬಿಣದ ತಗಡು, ರೈಲುಹಳಿಗಳ ಮೇಲೆ ಓರೆಯಾಗಿ ಹೋಗದೆ ನೇರವಾಗಿ ದಾಟಬೇಕು. ರಿಮ್ಮಿಗೆ ಒತ್ತುವ ಬ್ರೇಕಾದರೆ ಮೊದಲ ಒಂದೆರಡು ಸುತ್ತು ನೀರು ಒರೆಸುವುದರಲ್ಲೇ ಕಳೆಯುತ್ತದೆ, ಆಮೇಲೆ ಹಿಡಿಯುತ್ತದೆ. ಆ ಎರಡು ಸುತ್ತಿನ ಜಾಗವನ್ನು ಮುಂಚೆಯೇ ಲೆಕ್ಕದಲ್ಲಿಟ್ಟಿರಬೇಕು.

ಗುಡುಗಿನ ಮೋಡ ಬೇರೆಯೇ ಪ್ರಾಣಿ. ಒಂದು ಮೋಡದ ಕೋಶ ಐದರಿಂದ ಹತ್ತು ಕಿ.ಮೀ. ಅಗಲ, ಅದರ ಆಯುಸ್ಸು ಅರ್ಧದಿಂದ ಒಂದು ಗಂಟೆ. ಅದಕ್ಕೇ ಕೆಂಗೇರಿ ಮುಳುಗುವಷ್ಟು ಸುರಿದು ರಾಜಾಜಿನಗರದಲ್ಲಿ ಧೂಳು ಹಾರುತ್ತಿರುತ್ತದೆ. ಮೋಡದಿಂದ ಇಳಿಯುವ ಹನಿಗಳಲ್ಲಿ ಕೆಲವು ಕೆಳಗಿನ ಒಣ ಗಾಳಿಯಲ್ಲಿ ಆವಿಯಾಗಿ ಅದನ್ನು ತಂಪಾಗಿಸುತ್ತವೆ. ತಂಪಾದ ಗಾಳಿ ಭಾರವಾಗಿ ಕೆಳಗೆ ಧುಮುಕಿ, ನೆಲಕ್ಕೆ ಬಡಿದು ಎಲ್ಲ ದಿಕ್ಕಿಗೂ ಹರಡುತ್ತದೆ. ಸೆಕೆಯ ಮಧ್ಯಾಹ್ನದಲ್ಲಿ ಇದ್ದಕ್ಕಿದ್ದಂತೆ ಮುಖಕ್ಕೆ ತಣ್ಣನೆ ಗಾಳಿ ರಾಚಿ ಧೂಳೆದ್ದರೆ ಅದು ಮಳೆಗಿಂತ ಕೆಲವು ನಿಮಿಷ ಮುಂಚೆ ಬರುವ ಈ ಗಾಳಿಯೇ. ಋತುವಿನ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ಮೋಡ ಯಾವ ಕಡೆಗಿದೆಯೋ ಆ ಕಡೆಯಿಂದ ಬೀಸುತ್ತದೆ. ಆ ಕೆಲವು ನಿಮಿಷಗಳು ಆಸರೆ ಹುಡುಕಲು ಇರುವ ಸಮಯ.

ಆಸರೆ ಎಂದರೆ ಮರ ಅಲ್ಲ. ಕೇತೋಹಳ್ಳಿಯ ದೊಡ್ಡ ಆಲದ ಮರ ನಮ್ಮ ಗುಂಪುಗಳ ಮೆಚ್ಚಿನ ತಂಗುದಾಣ, ಸುಮಾರು ನಾನೂರು ವರ್ಷದ ಹಿರಿಯ ಜೀವ. ಗುಡುಗಿನ ಹೊತ್ತಿನಲ್ಲಿ ಮಾತ್ರ ಅದರಿಂದಲೂ, ಯಾವ ಮರದಿಂದಲೂ ದೂರ ಹೋಗಬೇಕು. ಸಿಡಿಲು ಮರಕ್ಕೆ ಹೊಡೆದರೆ ಕಾಂಡದಿಂದ ಪಕ್ಕದ ಮನುಷ್ಯನಿಗೆ ಹಾರಬಲ್ಲದು, ಬೇರಿನ ಸುತ್ತಲಿನ ನೆಲದಲ್ಲಿ ಹರಡಬಲ್ಲದು. ಸೈಕಲ್ಲಿನ ರಬ್ಬರ್ ಟಯರು ಕಾಪಾಡುತ್ತದೆಂಬುದು ಬರಿಯ ನಂಬಿಕೆ. ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ ಬಂದದ್ದಕ್ಕೆ ಎರಡು ಅಂಗುಲ ರಬ್ಬರು ಯಾವ ಲೆಕ್ಕ. ಕಾಂಕ್ರೀಟ್ ಮನೆ, ಅಂಗಡಿ, ಬಸ್ಸು, ಕಾರು ಇವು ಸರಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿ; ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಕೇಳಿದರೆ ಮೋಡ ಹತ್ತು ಕಿಲೋಮೀಟರಿನೊಳಗಿದೆ, ಒಳಗೆ ಹೋಗಲೇಬೇಕು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಗುಂಪಿನಲ್ಲಿ ಒಬ್ಬರ ಫೋನಿನಲ್ಲಾದರೂ ಇರಲಿ.

ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಡಬಾರದು. ಬೇಜಾರಿನ ಕಾಯುವಿಕೆ ನಿಜ, ಆದರೆ ಅದಕ್ಕೆ ಗಾಳಿಯಿಂದಲೇ ಪ್ರತಿಫಲ ಸಿಗುವುದುಂಟು. ಮಳೆ ಕೆಡವಿದ ತಂಪುಗಾಳಿ ನೆಲದ ಮೇಲೆ ಹಾಸಿಕೊಂಡು ಬೆಳಗಿನ ಜಾವದ ಹಾಗೆಯೇ ಒಂದು ಪದರ ಕಟ್ಟುತ್ತದೆ. ನೆಲ ಒದ್ದೆ, ಬೇಗ ಕಾಯುವುದಿಲ್ಲ. ಮೇಲಿನ ಗಾಳಿ ಕೆಳಗಿಳಿಯುವುದಿಲ್ಲ. ಸಂಜೆಯ ಹೊತ್ತಾದರೆ ಆ ಪದರ ಇನ್ನೂ ಭದ್ರ. ಮಧ್ಯಾಹ್ನ ರಾಮನಗರದಲ್ಲಿ ಸಿಕ್ಕಿಬಿದ್ದ ಗುಂಪಿಗೆ ಮಳೆ ನಿಂತು ಅರ್ಧ ಗಂಟೆ ಕಳೆದ ಮೇಲಿನ ಒಂದೆರಡು ತಾಸು ವಾಪಸು ಹೊರಡಲು ಒಳ್ಳೆಯ ಹೊತ್ತು: ಹಿಂದೆ ಮುಂದೆ ದೀಪ ಹಾಕಿಕೊಂಡು, ಬ್ರೇಕನ್ನು ಎರಡು ಸಲ ಒತ್ತಿ ನೀರು ಒರೆಸಿಕೊಂಡು, ಬಿಡದಿಯವರೆಗೆ ಎರಡು ಸೈಕಲ್ಲಿನಷ್ಟು ಅಂತರ ಬಿಟ್ಟು.